ಒಂದ್ ನೀರ್, ಬಿಸಿ

ಹೋಟೆಲಿನ ಯಜಮಾನರಿಗೆ ಮಾತು ನಿಂತುಹೋದ ಮೇಲೆ ಅವರ ಮಗಳು ನನ್ನನ್ನು ಕರೆದದ್ದು ಹಾಡುವುದಕ್ಕೆ, ಬರೆಯುವುದಕ್ಕಲ್ಲ. "ಅಂಕಲ್, ಪಪ್ಪಾ ಕೇ ಸಾಥ್ ಥೋಡಾ ಗಾಯೇಂಗೆ ಆಪ್?" ಎಂದು ಫೋನಿನಲ್ಲಿ ಕೇಳಿದಳು. ಅಪ್ಪನ ಜೊತೆ ಸ್ವಲ್ಪ ಹಾಡುತ್ತೀರಾ ಎಂದು. ಅವಳು ಮರಾಠಿ ಸೀಮೆಯ ಈ ಕಲ್ಯಾಣದಲ್ಲೇ ಹುಟ್ಟಿ ಬೆಳೆದವಳು. ಮನೆಯ ತುಳು, ನಮ್ಮ ಕನ್ನಡ ಎರಡೂ ತಿಳಿಯುತ್ತವೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ.

ಮೆದುಳಿನ ಎಡಭಾಗಕ್ಕೆ ರಕ್ತ ಹೋಗದೆ ಯಜಮಾನರ ಬಲಗೈ, ಬಲಗಾಲು ಸೋತಿದ್ದವು. ಕಾಲು ನಿಧಾನವಾಗಿ ಹಿಂದಿರುಗುತ್ತಿತ್ತು, ಮಾತು ಹಿಂದಿರುಗಿರಲಿಲ್ಲ. ನಾವು ಹೇಳಿದ್ದು ಚಿಕ್ಕದಾಗಿದ್ದರೆ ತಿಳಿಯುತ್ತಿತ್ತು. ಹೇಳಲು ಹೊರಟರೆ ಬಾಯಿಂದ ಬರುತ್ತಿದ್ದುದು "ಅದೇ... ಅದೇ..." ಎಂಬ ಒಂದೇ ಶಬ್ದ. ಹಸಿವಿಗೂ ಅದೇ, ನೋವಿಗೂ ಅದೇ, ಸಿಟ್ಟಿಗೂ ಅದೇ.

ಠಾಣೆ ಊರಿನ ವರ್ತಕ ನಗರ ಬಡಾವಣೆಯಲ್ಲಿ ಅವರಿಗೆ ಮಾತಿನ ಚಿಕಿತ್ಸೆ ನಡೆಯುತ್ತಿತ್ತು. ಚಿಕಿತ್ಸಕಿ ಮರಾಠಿಯವರು, ಚುರುಕಾದ ತರುಣಿ. ಮಾತು ಬಾರದವರು ಎಷ್ಟೋ ಸಲ ಹಾಡಬಲ್ಲರು, ಹಾಡಿನ ದಾರಿಯಿಂದ ಮಾತಿಗೆ ಬರುವ ಒಂದು ಕ್ರಮ ಇದೆ ಎಂದು ಅವರು ಮಗಳಿಗೆ ಹೇಳಿದ್ದರು. ಅವರ ಬಳಿ ಮರಾಠಿ ಮತ್ತು ಹಿಂದಿಯ ಪಾಠಗಳಿದ್ದವು. ಅವುಗಳಿಂದ ಏನೂ ಆಗಿರಲಿಲ್ಲ. ಕನ್ನಡದಲ್ಲಿ ಮಾಡಿನೋಡಲು ಹಾಡು ಬಲ್ಲವರೊಬ್ಬರು ಬೇಕಾಗಿತ್ತು.

ನಾನು ಡೊಂಬಿವಲಿಯಲ್ಲಿ ಒಬ್ಬನೇ ಇರುತ್ತೇನೆ. ಧಾರವಾಡದ ಕಡೆಯವನು. ನನ್ನ ಗುರುಗಳು ಹೊತ್ತು ತಪ್ಪಿದರೆ ಬಾಗಿಲು ತೆಗೆಯುತ್ತಿರಲಿಲ್ಲ. ಆ ಶಿಸ್ತು ಈಗಲೂ ಉಳಿದಿದೆ. ಬೆಳಿಗ್ಗೆ ಮಂದ್ರ ಸ್ವರಗಳ ಸಾಧನೆ, ಅದರ ಮೇಲೆ ಕನ್ನಡ ಬರವಣಿಗೆ, ಊಟವಾದ ಮೇಲೆ ಮರಾಠಿ ಬರವಣಿಗೆ, ಸಂಜೆ ಹಾರ್ಮೋನಿಯಂ ಕಲಿಯಲು ಬರುವವರು. ಶಾಲೆಗಳವರು ಕೇಳಿದರೆ ಹಿಂದಿಯಲ್ಲಿ ಪ್ರಾರ್ಥನೆ ಬರೆದು ರಾಗ ಹಾಕಿಕೊಡುತ್ತೇನೆ. ಮರಾಠಿಯಲ್ಲಿ ಬರೆದದ್ದನ್ನು ಓದಿ ಅಭಿಪ್ರಾಯ ಹೇಳಲು ಡೊಂಬಿವಲಿಯಲ್ಲಿ ಕಟ್ಟಡಕ್ಕೊಬ್ಬರು ಸಿಗುತ್ತಾರೆ. ಕನ್ನಡದ್ದನ್ನು ಕೇಳಿ ಹೇಳಲು ನನಗಿದ್ದವರು ಈ ಯಜಮಾನರೊಬ್ಬರೇ.

ಕಲ್ಯಾಣ ಸ್ಟೇಷನ್ನಿನ ಪಶ್ಚಿಮಕ್ಕೆ ಅವರ ಹೋಟೆಲು. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ ಸಿಗುವ ಬಿಡುವಿನಲ್ಲಿ, ವಾರಕ್ಕೊಮ್ಮೆ, ಮೂಲೆಯ ಮೇಜಿನಲ್ಲಿ ನಾನು ಹೊಸದಾಗಿ ಬರೆದದ್ದನ್ನು ಓದುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಉಡುಪಿಯ ಕಡೆಯಿಂದ ಹುಡುಗನಾಗಿ ಬಂದು, ಮೊದಲು ಟೇಬಲ್ಲು ಒರೆಸಿ, ಆಮೇಲೆ ಸಪ್ಲೈಯರ್ ಆಗಿ, ಕಡೆಗೆ ಗಲ್ಲಾದಲ್ಲಿ ಕೂತವರು. ಕನ್ನಡದ ವಿಷಯದಲ್ಲಿ ಅವರ ಕಿವಿ ಕಠಿಣ. "ನಿಲ್ಲಿ ಮಾಸ್ಟ್ರೇ," ಎನ್ನುತ್ತಿದ್ದರು. "'ಅವನಿಗೆ ಊರಿಗೆ ಹೋಗುವುದಿತ್ತು' ಅಂದ್ರೆ ಎಂತ? 'ಹೋಗ್ಬೇಕಿತ್ತು' ಅನ್ನಿ. ಅದು ಮರಾಠಿಯ ಹೊಟ್ಟೆಯಲ್ಲಿ ಹುಟ್ಟಿದ ವಾಕ್ಯ." ನಾನು ತಿದ್ದಿಕೊಳ್ಳುತ್ತಿದ್ದೆ. ಎರಡು ಭಾಷೆಯಲ್ಲಿ ಬರೆಯುವವನಿಗೆ ಒಂದರ ನೀರು ಇನ್ನೊಂದಕ್ಕೆ ಯಾವಾಗ ಸೋರಿತು ಎಂದು ತಾನಾಗಿ ತಿಳಿಯುವುದಿಲ್ಲ. ಹೇಳುವವರು ಬೇಕು.

ಆದ್ದರಿಂದ ನಾನು ಒಪ್ಪಿಕೊಂಡದ್ದರಲ್ಲಿ ಸ್ನೇಹವೂ ಇತ್ತು, ಸ್ವಂತದ ಅಗತ್ಯವೂ ಇತ್ತು. ಅವರು ಹಿಂದಿನಂತೆ ಮಾತಾಡಬೇಕು, ನನ್ನ ಓದು ಹಿಂದಿನಂತೆ ನಡೆಯಬೇಕು. ಅರ್ಧ ಮುಗಿದ ಕಾದಂಬರಿಯೊಂದು ನನ್ನ ಚೀಲದಲ್ಲಿತ್ತು.

ಕೆಲಸ ಶುರುಮಾಡುವ ಮೊದಲು ವರ್ತಕ ನಗರಕ್ಕೆ ಹೋಗಿ ಕ್ರಮವನ್ನು ಕಲಿತುಕೊಂಡೆ. ರೋಗಿಯ ಎದುರು ಕೂರಬೇಕು. ಅವರ ಎಡಗೈ ಹಿಡಿದು ಪ್ರತಿ ಅಕ್ಷರಕ್ಕೂ ಮೇಜಿನ ಮೇಲೆ ಒಮ್ಮೆ ತಟ್ಟಬೇಕು. ಸ್ವರಗಳು ಎರಡೇ: ಕೆಳಗೆ ಷಡ್ಜ, ಮೇಲೆ ಕೋಮಲ ಗಾಂಧಾರ. ಮೊದಲು ಶಬ್ದವಿಲ್ಲದೆ ಗುನುಗುವುದು, ಆಮೇಲೆ ಇಬ್ಬರೂ ಕೂಡಿ ಹೇಳುವುದು, ಆಮೇಲೆ ನಡುವೆ ನಾವು ದನಿ ನಿಲ್ಲಿಸಿ ಅವರನ್ನು ಮುಂದುವರಿಯಲು ಬಿಡುವುದು, ಕೊನೆಗೆ ಅವರೊಬ್ಬರೇ. ಹೀಗೆ ಸ್ವರವನ್ನು ಸ್ವಲ್ಪಸ್ವಲ್ಪವೇ ಕಳಚುತ್ತಾ ಮಾತಿಗೆ ಇಳಿಸಬೇಕು. ನನ್ನ ಗುರುಗಳ ಪದ್ಧತಿಗಿಂತ ಇದು ಬಹಳ ದೂರವಿರಲಿಲ್ಲ. ನನಗೆ ಧೈರ್ಯ ಬಂತು.

ಮಾಡಿದ ಮೊದಲ ಕೆಲಸವೇ ಅಡ್ಡದಾರಿ ಹಿಡಿಯಿತು. ಹೋಟೆಲಿನ ಮೇಲಿನ ಮಹಡಿಯಲ್ಲೇ ಅವರ ಮನೆ. ಅಲ್ಲಿ ಭಜನೆಗೆಂದು ಇಟ್ಟ ಹಾರ್ಮೋನಿಯಂ ಇತ್ತು. ಅವರ ದನಿ ಎಲ್ಲಿ ಸುಲಭವಾಗಿ ನಿಲ್ಲುತ್ತದೆ ಎಂದು ನೋಡಲು, ಅವರ ಭಜನಾ ಮಂಡಳಿಯಲ್ಲಿ ಪ್ರತಿ ಶನಿವಾರ ಹಾಡುತ್ತಿದ್ದ ಪದವನ್ನು ಕೆಳಗಿನ ಶ್ರುತಿಯಲ್ಲಿ ಬಾರಿಸಿದೆ. ಎರಡನೆಯ ಸಾಲಿಗೆ ಅವರು ಬಾಯಿ ತೆರೆದರು. ಮೂರನೆಯ ಸಾಲಿನಿಂದ ಶಬ್ದಗಳು ಬಂದವು. ಪೂರ್ತಿ ಪದ, ಒಂದಕ್ಷರ ತಪ್ಪದೆ. ಅವರ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ಮಗಳು ಮೊಬೈಲಿನಲ್ಲಿ ವಿಡಿಯೊ ತೆಗೆದು ಚಿಕಿತ್ಸಕಿಗೆ ಕಳಿಸಿದಳು.

ಚಿಕಿತ್ಸಕಿ ಕೂಡಲೇ ಫೋನು ಮಾಡಿದರು. ದನಿಯಲ್ಲಿ ಸಂತೋಷವಿರಲಿಲ್ಲ. "ಕಾಕಾ, ಗಾಣಂ ನಕೊ," ಎಂದರು. ಹಾಡು ಬೇಡ. ಅದು ಪೂರ್ತಿ ಒಂದೇ ಸರಪಳಿಯಾಗಿ ಹೊರಬರುತ್ತದೆ, ಅದರಿಂದ ಒಂದು ಕೊಂಡಿ ಬಿಡಿಸಿ ಬೇರೆ ಕಡೆ ಹಾಕಲು ಆಗುವುದಿಲ್ಲ ಎಂದು ವಿವರಿಸಿದರು. "ನೀರು ಕೇಳಲು ಹೇಳಿ ನೋಡಿ."

ನೋಡಿದೆ. ಲೋಟ ತೋರಿಸಿದೆ. ಯಜಮಾನರು ಲೋಟವನ್ನೇ ದಿಟ್ಟಿಸಿ, ಉಸಿರೆಳೆದು, ಭಜನೆಯ ಮೊದಲ ಸಾಲನ್ನು ಹಾಡಿದರು. ತಾವು ಹೇಳಹೊರಟದ್ದು ಅದಲ್ಲ ಎಂದು ಅವರಿಗೆ ಗೊತ್ತಾಯಿತು. ಮತ್ತೆ ಪ್ರಯತ್ನಿಸಿದರು. ಮತ್ತೆ ಅದೇ ಸಾಲು ಬಂತು. ಎಡಗೈಯಿಂದ ತೊಡೆಗೆ ಹೊಡೆದುಕೊಂಡರು. ಬಾಯಾರಿದಾಗಲೆಲ್ಲ ದೇವರ ಹೆಸರು ಬರುವ ಸ್ಥಿತಿ ಕೆಲವು ದಿನ ಹಾಗೇ ನಡೆಯಿತು. ಹಾರ್ಮೋನಿಯಂ ಮುಚ್ಚಿ ಅಟ್ಟದ ಮೇಲೆ ಇಡಿಸಿದೆ.

ಇನ್ನು ನನ್ನ ಬರವಣಿಗೆಯ ಸರದಿ. ಕ್ರಮದಲ್ಲಿ ಒತ್ತಿ ಹೇಳುವ ಅಕ್ಷರಕ್ಕೆ ಮೇಲಿನ ಸ್ವರ, ಉಳಿದವಕ್ಕೆ ಕೆಳಗಿನದು. ಕನ್ನಡದಲ್ಲಿ ಇಂಗ್ಲಿಷಿನಂತೆ ಒತ್ತು ಇಲ್ಲ. ಯಾವ ಅಕ್ಷರವನ್ನು ಮೇಲೆತ್ತುವುದು? ನಾನು ಛಂದಸ್ಸಿಗೆ ಮೊರೆಹೋದೆ. ಗುರುವಿಗೆ ಗಾಂಧಾರ, ಲಘುವಿಗೆ ಷಡ್ಜ. "ನನಗೆ ನೀರು ಬೇಕು." "ನನಗೆ ಮಲಗಬೇಕು." "ಕಿಟಕಿ ತೆರೆಯಿರಿ." ಇಂಥ ಸಣ್ಣ ವಾಕ್ಯಗಳನ್ನು ಬೆಳಗಿನ ಕನ್ನಡದ ಹೊತ್ತಿನಲ್ಲಿ ಬರೆದು, ಮಧ್ಯಾಹ್ನದ ಲೋಕಲ್ ರೈಲಿನಲ್ಲಿ ಮೊಣಕಾಲಿನ ಮೇಲೆ ತಟ್ಟಿ ಲಯ ನೋಡಿಕೊಂಡು ಹೋಗುತ್ತಿದ್ದೆ. ಎದುರು ಕೂತವರು ಒಮ್ಮೆ ನೋಡಿ ಮೊಬೈಲಿಗೆ ಹಿಂದಿರುಗುತ್ತಿದ್ದರು. ಮುದುಕ ಏನೋ ಜಪ ಮಾಡುತ್ತಿದ್ದಾನೆ ಎಂದುಕೊಂಡಿರಬೇಕು.

ನನ್ನ ವಾಕ್ಯಗಳು ಸರಿಯಾಗಿದ್ದವು. ಅವುಗಳಲ್ಲಿ ಒಂದೂ ಅವರ ಬಾಯಿಂದ ಬರಲಿಲ್ಲ. ಇಬ್ಬರೂ ಕೂಡಿ ಹೇಳುವಾಗ "ನನ... ನನ..." ಎನ್ನುತ್ತಿದ್ದರು. ನಾನು ದನಿ ನಿಲ್ಲಿಸಿದ ಕೂಡಲೇ "ಅದೇ... ಅದೇ..."

ಅವರ ಹೆಂಡತಿ ಒಂದು ದಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. "ಮಾಸ್ಟ್ರೇ, ಒಂದು ಮಾತು ಹೇಳ್ಲಾ? ನಿಮ್ಗೆ ಬೇಜಾರಾಗ್ಬಾರ್ದು."

"ಹೇಳ್ರಿ ಅಕ್ಕಾರ."

"ಇದೆಲ್ಲ ಮಂತ್ರ ಹೇಳಿದ ಹಾಗೆ ಕೇಳ್ತದೆ. ಇವರು ಇಷ್ಟು ವರ್ಷದಲ್ಲಿ 'ನನಗೆ ನೀರು ಬೇಕು' ಅಂತ ಒಂದು ದಿನ ಹೇಳಿದವರಲ್ಲ. 'ನೀರ್' ಅಂದ್ರೆ ಆಯ್ತು, ನಾನು ಓಡ್ಬೇಕು."

"ಹಂಗಾರ ತುಳುವಿನ್ಯಾಗ ಬರಿಯೂಣೇನು?"

"ಬರೀರಿ. ಆದ್ರೆ ನಿಮ್ಗೆ ತುಳು ಬರೋದಿಲ್ಲ, ಇವರಿಗೆ ನನ್ನತ್ರ ಕಲೀಲಿಕ್ಕೆ ತಾಳ್ಮೆ ಇಲ್ಲ."

ತುಳುವಿನಲ್ಲೂ ಮಾಡಿದೆವು. ಅವರು ಹೇಳಿಕೊಟ್ಟರು, ನಾನು ಸ್ವರ ಹಾಕಿದೆ. ನನ್ನ ಬಾಯಲ್ಲಿ ತುಳು ಕೇಳಿ ಯಜಮಾನರು ಮೊದಲ ಬಾರಿಗೆ ನಕ್ಕರು. ಅಷ್ಟೇ ಲಾಭ.

ಮೂರು ಭಾಷೆಯಲ್ಲಿ ಬರೆಯುತ್ತೇನೆ ಎಂದು ಹೇಳಿಕೊಳ್ಳುವವನಿಗೆ ಇದು ಒಳ್ಳೆಯ ಕಾಲವಾಗಿರಲಿಲ್ಲ. ಸಂಜೆ ಡೊಂಬಿವಲಿಗೆ ಬಂದು ಬೀಗ ತೆಗೆದು ದೀಪ ಹಾಕುವಾಗ ಒಂದು ವಿಷಯ ಹೊಳೆಯಿತು. ಆ ದಿನಗಳಲ್ಲಿ ನಾನು ಗಟ್ಟಿಯಾಗಿ ಕನ್ನಡ ಆಡುತ್ತಿದ್ದುದು ಮಾತು ಬಾರದ ಒಬ್ಬರ ಮನೆಯಲ್ಲಿ ಮಾತ್ರ. ಉಳಿದೆಲ್ಲ ಮಾತು, ಹಾಲಿನವನದು, ಕಟ್ಟಡದವರದು, ಶಿಷ್ಯರದು, ಮರಾಠಿಯಲ್ಲೇ ನಡೆಯುತ್ತಿತ್ತು. ಬೆಳಗಿನ ಕನ್ನಡದ ಹೊತ್ತಿನಲ್ಲಿ ಕಾದಂಬರಿ ತೆರೆದರೆ ಒಂದೊಂದು ವಾಕ್ಯವೂ ಅನುಮಾನ ಹುಟ್ಟಿಸುತ್ತಿತ್ತು. ಇದು ಕನ್ನಡವೋ, ಕನ್ನಡದ ಅಂಗಿ ಹಾಕಿದ ಮರಾಠಿಯೋ? ಕೇಳಲು ಯಾರೂ ಇರಲಿಲ್ಲ. ಮುಚ್ಚಿಡುತ್ತಿದ್ದೆ.

ವರ್ತಕ ನಗರದಿಂದ ಚಿಕಿತ್ಸಕಿ ಒಂದು ಹಲಗೆ ಕಳಿಸಿದರು. ಅದರ ಮೇಲೆ ಚಿತ್ರಗಳು: ಲೋಟ, ತಟ್ಟೆ, ಹಾಸಿಗೆ, ಮಾತ್ರೆ, ಶೌಚಾಲಯ. ಬೇಕಾದ್ದರ ಮೇಲೆ ಬೆರಳಿಟ್ಟರಾಯಿತು. ಮುಂದಿನ ಭೇಟಿಯವರೆಗೆ ಬದಲಾವಣೆ ಕಾಣದಿದ್ದರೆ ಮಾತಿನ ಪಾಠ ನಿಲ್ಲಿಸಿ ಈ ಹಲಗೆಗೆ ರೂಢಿ ಮಾಡಿಸೋಣ, ಇದರಲ್ಲಿ ಅವಮಾನವೇನಿಲ್ಲ ಎಂದು ತಿಳಿಸಿದ್ದರು. ಅವರ ಮಾತು ನ್ಯಾಯವಾಗಿತ್ತು. ಮಗಳಿಗೂ ಅದೇ ಸರಿ ಎನಿಸಿತ್ತು. ಅವಳ ಮನೆ ಠಾಣೆಯ ಆಚೆ ಸೀವುಡ್ಸ್‌ನಲ್ಲಿ, ನೌಕರಿ ಬ್ಯಾಂಕಿನಲ್ಲಿ. ಅಪ್ಪ ಅಮ್ಮನನ್ನು ಅಲ್ಲಿಗೇ ಕರೆದೊಯ್ಯುವ ಯೋಚನೆ ನಡೆದಿತ್ತು. ಹಗಲು ನೋಡಿಕೊಳ್ಳಲು ಬರುವ ಹೆಂಗಸಿಗೆ ಭಾಷೆಯ ತೊಂದರೆ ಇಲ್ಲದೆ ಹಲಗೆ ಉಪಯೋಗಕ್ಕೆ ಬರುತ್ತಿತ್ತು.

ಯಜಮಾನರು ಹಲಗೆಯನ್ನು ನೋಡಿದರು. ಎಡಗೈಯಲ್ಲಿ ಅದನ್ನು ಬೋರಲು ಹಾಕಿದರು. ನನಗೆ ಅರ್ಥವಾಯಿತು. ಭಾಷೆ ತಿಳಿಯದ ಗಿರಾಕಿ ಮೆನುವಿನ ಮೇಲೆ ಬೆರಳಿಡುವುದನ್ನು ಅವರು ಜೀವಮಾನವಿಡೀ ಗಲ್ಲಾದಿಂದ ನೋಡಿದವರು. ಈಗ ತಮ್ಮ ಮನೆಯಲ್ಲಿ ತಾವೇ ಆ ಗಿರಾಕಿಯಾಗಲು ಅವರಿಗೆ ಮನಸ್ಸಿರಲಿಲ್ಲ.

ಆ ದಿನ ಪಾಠ ಬೇಗ ಮುಗಿಸಿ ಕೆಳಗೆ ಹೋಟೆಲಿಗೆ ಇಳಿದೆ. ಗಲ್ಲಾದಲ್ಲಿ ಈಗ ಅವರ ಭಾವಮೈದ ಕೂರುತ್ತಾರೆ. ಮೂಲೆಯ ಮೇಜಿನಲ್ಲಿ ಯಾರೋ ಇದ್ದರು, ನಾನು ಬೇರೆ ಕಡೆ ಕೂತೆ. ದುರಸ್ತಿಗೆಂದು ಕರೆಂಟು ತೆಗೆಯುವ ವಾರ ಅದು. ಇದ್ದಕ್ಕಿದ್ದಂತೆ ಫ್ಯಾನುಗಳು ನಿಂತವು. ಸಪ್ಲೈಯರ್‌ಗಳು ಆರ್ಡರು ಒತ್ತುವ ಯಂತ್ರವೂ, ಒಳಗೆ ಚೀಟಿ ಮುದ್ರಿಸುವ ಯಂತ್ರವೂ ಸುಮ್ಮನಾದವು. ಹಳೆಯ ಸಪ್ಲೈಯರ್ ಒಬ್ಬ ನನ್ನ ಪಕ್ಕದಲ್ಲೇ ನಿಂತು, ಅಡುಗೆಮನೆಯ ಕಿಂಡಿಯ ಕಡೆ ಅರ್ಧ ತಿರುಗಿ ಕೂಗಿದ:

"ಎರಡ್ ಇಡ್ಲಿ... ಒಂದ್ ಸಾದಾ, ಖಡಕ್..."

ಒಳಗಿನಿಂದ ಅದೇ ರಾಗದಲ್ಲಿ ಉತ್ತರ ಬಂತು: "ಎರಡ್ ಇಡ್ಲಿ, ಒಂದ್ ಸಾದಾ, ಖಡಕ್."

ಎರಡು ಇಡ್ಲಿ, ಒಂದು ಸಾದಾ ದೋಸೆ, ಗರಿಗರಿಯಾಗಿ. ನಾನು ಚಹಾದ ಲೋಟ ಕೆಳಗಿಟ್ಟೆ. ಆತ ಕೂಗಿದ್ದು ಕೋಮಲ ಗಾಂಧಾರದಲ್ಲಿ ಶುರುವಾಗಿ ಕೊನೆಯಲ್ಲಿ ಷಡ್ಜಕ್ಕೆ ಜಾರಿತ್ತು. ಎರಡೇ ಸ್ವರ. ಮತ್ತೊಬ್ಬ ಸಪ್ಲೈಯರ್ ಕೂಗಿದ: "ಮೂರ್ ಚಾ... ಒಂದ್ ಶಕ್ಕರ್ ಕಮ್ಮಿ..." ಅದೇ ಎರಡು ಸ್ವರ. ಕರೆಂಟು ಬರುವವರೆಗೂ ಅಲ್ಲೇ ಕೂತು ಕೇಳಿದೆ. ಸಂಖ್ಯೆ ಕನ್ನಡದ್ದು, ಪದಾರ್ಥ ಎಲ್ಲಿಯದೋ, ಅದು ಹೇಗಿರಬೇಕೆಂಬ ಮಾತು ಹಿಂದಿಯದೋ ಮರಾಠಿಯದೋ. ಯಾವ ಭಾಷೆಯ ಪುಸ್ತಕದಲ್ಲೂ ಇಲ್ಲದ ವಾಕ್ಯ. ಯಾರೂ ತಡವರಿಸುತ್ತಿರಲಿಲ್ಲ.

ನಾನು ಕೆಲಸವನ್ನೇ ತಲೆಕೆಳಗಾಗಿ ಹಿಡಿದಿದ್ದೆ ಎಂದು ಆಗ ತಿಳಿಯಿತು. ಭಜನೆಯಲ್ಲಿ ರಾಗವೂ ಕಟ್ಟಿದ್ದು, ಶಬ್ದವೂ ಕಟ್ಟಿದ್ದು. ನನ್ನ ವಾಕ್ಯಗಳಲ್ಲಿ ಎರಡೂ ಹೊಸವು. ಈ ಕೂಗಿನಲ್ಲಿ ರಾಗ ಹಳೆಯದು, ಶಬ್ದ ಮಾತ್ರ ಪ್ರತಿ ಸಲವೂ ಬೇರೆ. ಅದರಲ್ಲಿ ಖಾಲಿ ಜಾಗಗಳಿವೆ: ಎಷ್ಟು, ಏನು, ಹೇಗೆ. ಯಜಮಾನರು ತಮ್ಮ ಯೌವನವನ್ನೆಲ್ಲ ಆ ಜಾಗಗಳನ್ನು ತುಂಬುತ್ತ ಕಳೆದವರು.

ಮರುದಿನ ನನ್ನ ವಾಕ್ಯಗಳನ್ನೆಲ್ಲ ಬದಿಗಿಟ್ಟೆ. ಕೂರುವ ಕ್ರಮವನ್ನೂ ಬದಲಿಸಿದೆ. ಎದುರುಬದುರು ಕೂತು ಮುಖ ನೋಡಿ ಯಾರೂ ಆರ್ಡರು ಕೂಗುವುದಿಲ್ಲ. ಅದು ಕಣ್ಣಿಗೆ ಕಾಣದವರಿಗೆ, ದೂರಕ್ಕೆ ಎಸೆಯುವ ಮಾತು. ಯಜಮಾನರ ಕುರ್ಚಿಯನ್ನು ನಡುಮನೆಯಲ್ಲಿ, ಅಡುಗೆಮನೆಯ ಬಾಗಿಲಿಗೆ ಓರೆಯಾಗಿ ಹಾಕಿಸಿದೆ. ನಾನು ಪಕ್ಕದಲ್ಲಿ ಕೂತು ಅವರ ಎಡಗೈ ಹಿಡಿದೆ. ಅವರ ಹೆಂಡತಿಯನ್ನು ಅಡುಗೆಮನೆಯಲ್ಲಿ, ಕಾಣದ ಹಾಗೆ ನಿಲ್ಲಲು ಹೇಳಿದೆ.

"ಅಕ್ಕಾರ, ನೀವು ಎರಡು ಕೆಲಸ ಮಾಡ್ಬೇಕ್ರಿ. ಅವ್ರು ಕೂಗಿದ್ದನ್ನ ತಿರುಗಿ ಕೂಗ್ಬೇಕು. ಅರ್ಧ ಕೂಗಿದ್ರ ಏನೂ ತರಬಾರ್ದು."

"ಅರ್ಧ ಹೇಳಿದ್ರೂ ನನಗೆ ಗೊತ್ತಾಗ್ತದಲ್ಲ ಮಾಸ್ಟ್ರೇ."

"ಗೊತ್ತಾಗೂದೇ ತ್ರಾಸ ಆಗೇದ. ನಿಮ್ಮ ಹೋಟೆಲಿನ್ಯಾಗ 'ಎರಡು' ಅಂತ ಕೂಗಿ ಸುಮ್ಮನಾದ್ರ ಒಳಗಿನವ್ರು ಏನ್ ಕೊಡ್ತಾರ?"

"ಬೈಗುಳ ಕೊಡ್ತಾರೆ," ಎಂದರು ಅವರು. ಒಳಗೆ ಹೋದರು.

ಗುನುಗುವುದರಿಂದ ಶುರುಮಾಡಿದೆ. ಗಾಂಧಾರ, ಗಾಂಧಾರ, ಷಡ್ಜ. ಅವರ ಎಡಗೈಯನ್ನು ಕುರ್ಚಿಯ ತೋಳಿನ ಮೇಲೆ ತಟ್ಟಿಸಿದೆ. ಎರಡನೆಯ ಸಲಕ್ಕೇ ಯಜಮಾನರ ಕತ್ತು ಅಡುಗೆಮನೆಯ ಕಡೆ ಅರ್ಧ ತಿರುಗಿತು. ನಾನು ತಿರುಗಿಸಿದ್ದಲ್ಲ. ಕೂಡಿ ಕೂಗಿದೆವು: "ಒಂದ್ ನೀರ್..." ಒಳಗಿನಿಂದ ಉತ್ತರ ಬಂತು. ಮತ್ತೆ ಕೂಗಿದೆವು. "ಒಂದ್" ಎಂದು ಹೇಳಿ ನಾನು ದನಿ ನಿಲ್ಲಿಸಿದೆ.

ಅವರ ಗಂಟಲು ಹತ್ತಿತು, ಇಳಿಯಿತು. ತುಟಿ ಸೇರಿ ಬಿಟ್ಟಿತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದಿಲ್ಲ. ಅವರ ಹೆಂಡತಿ ಲೋಟ ಹಿಡಿದೇ ನಿಂತಿದ್ದಾರೆಂದು ನನಗೆ ಗೊತ್ತಿತ್ತು.

"...ನೀರ್."

ಒಳಗಿನಿಂದ ಬಂದ ಉತ್ತರ ಶ್ರುತಿ ತಪ್ಪಿತ್ತು. "ಒಂದ್ ನೀರ್" ಎನ್ನುತ್ತಲೇ ಅವರು ಲೋಟ ಹಿಡಿದು ಹೊರಗೆ ಬಂದಿದ್ದರು.

ಆ ಮೇಲಿನ ಕೆಲಸ ದಿನಾ ಅಕ್ಕಿ ಆರಿಸಿದ ಹಾಗೆ. ನಾನು ದಿನಚರಿಯಂತೆ ಹೋಗುತ್ತಿದ್ದೆ, ಹೊಸ ಪದ ಒಂದೆರಡು, ಹಳೆಯವು ಕೆಲವು. ಕೆಲವು ದಿನ ಹಿಂದಿನ ದಿನ ಬಂದದ್ದೂ ಬರುತ್ತಿರಲಿಲ್ಲ. ಅಂಥ ದಿನ ಬೇಗ ನಿಲ್ಲಿಸುತ್ತಿದ್ದೆ. "ಬಿಡ್ರಿ, ದನಿಗೂ ಸೂಟಿ ಬೇಕು" ಎನ್ನುತ್ತಿದ್ದೆ. ಅವರ ಹೆಂಡತಿಗೆ ಕಾಯುವುದು ಬಹಳ ಕಷ್ಟವಾಯಿತು. ಒಂದೆರಡು ಸಲ ಅರ್ಧ ಕೂಗಿಗೇ ತಟ್ಟೆ ಹಿಡಿದು ಬಂದುಬಿಟ್ಟರು, ವಾಪಸು ಕಳಿಸಿದೆ. "ನೀವು ಮಾಸ್ಟ್ರಲ್ಲ, ಪೊಲೀಸು" ಎಂದು ಗೊಣಗಿದರು. ಆದರೆ ಕಾದರು.

ಮೊದಲು ಎಷ್ಟು ಮತ್ತು ಏನು. ಆಮೇಲೆ ಹೇಗೆ ಎಂಬ ಮೂರನೆಯ ಜಾಗ. "ಒಂದ್ ನೀರ್, ಬಿಸಿ" ಎಂಬ ಪೂರ್ತಿ ಆರ್ಡರು ಬಂದ ದಿನ ಅವರ ಹೆಂಡತಿ ಕೈಗೆ ಸುಡುವಷ್ಟು ಬಿಸಿ ಮಾಡಿ ತಂದರು. ಯಜಮಾನರು ಬಾಯಿಗಿಟ್ಟು, ಕೆಳಗಿಟ್ಟು, ಹೆಂಡತಿಯನ್ನು ದುರುಗುಟ್ಟಿ ನೋಡಿದರು. ಹೋಟೆಲಿನಲ್ಲಿ ಅಡುಗೆಯವನನ್ನು ನೋಡುತ್ತಿದ್ದ ನೋಟ. ಅದನ್ನು ಕಂಡು ಎಲ್ಲರಿಗೂ ಸಮಾಧಾನವಾಯಿತು.

ಒಂದು ದಿನ ನಾನು ಹೇಳಿಕೊಡದ್ದು ಬಂತು. ಸೆಖೆ ಕಡಿಮೆಯಿತ್ತು. ಅವರು ಮೇಲೆ ನೋಡಿ, ಅಡುಗೆಮನೆಯ ಕಡೆ ಕತ್ತು ತಿರುಗಿಸಿ ಕೂಗಿದರು: "ಒಂದ್ ಫ್ಯಾನ್... ಬಂದ್." ಒಳಗಿನಿಂದ "ಒಂದ್ ಫ್ಯಾನ್, ಬಂದ್" ಎನ್ನುತ್ತಲೇ ಅವರ ಹೆಂಡತಿ ಓಡಿಬಂದು ಗುಂಡಿ ಒತ್ತಿದರು. ಆಮೇಲೆ "ಒಂದ್ ಕಿಟಕಿ, ಅರ್ಧ" ಬಂತು, "ಒಂದ್ ಪೇಪರ್, ಹಳೇದು" ಬಂತು. ಶನಿವಾರ ಮಗಳು ಬರುವುದು ತಡವಾದಾಗ "ಒಂದ್ ಮಗಳು, ಫೋನ್" ಎಂದು ಕೂಗಿದರಂತೆ. ಮಗಳು ನನಗೆ ಅದನ್ನು ಅವರ ರಾಗದಲ್ಲೇ ಕೂಗಿ ತೋರಿಸಿದಳು.

ವರ್ತಕ ನಗರದ ಭೇಟಿಗೆ ನಾವೆಲ್ಲ ಹೋದೆವು. ಚಿಕಿತ್ಸಕಿ ಮೊದಲು ನನ್ನ ಕಡೆ ಅನುಮಾನದಿಂದ ನೋಡಿದರು. ಇದೂ ಭಜನೆಯಂಥ ಸರಪಳಿಯೇ ಇರಬಹುದೆಂದು ಅವರ ಶಂಕೆ. ಅಭ್ಯಾಸ ಮಾಡದ್ದನ್ನೇ ಕೇಳುತ್ತೇನೆ ಎಂದರು. ಮೇಜಿನ ಮೇಲೆ ಒಂದು ಕೊಡೆಯನ್ನಿಟ್ಟು ಸುಮ್ಮನೆ ಕಾದರು. ಯಜಮಾನರು ಕೊಡೆ ನೋಡಿದರು, ಅವರನ್ನು ನೋಡಿದರು, ಬಾಗಿಲ ಕಡೆ ತಿರುಗಿದರು. "ಏಕ್ ಛತ್ರೀ... ಓಲೀ." ಒಂದು ಕೊಡೆ, ಒದ್ದೆ. ಕೊಡೆಯಿಂದ ನಿಜಕ್ಕೂ ನೀರು ಸೋರುತ್ತಿತ್ತು. ಕೇಳುವವರು ಮರಾಠಿಯವರೆಂದು ನೋಡಿ ಸಂಖ್ಯೆಯೂ ಶಬ್ದವೂ ತಾವಾಗಿ ಮರಾಠಿಗೆ ಹೊರಳಿದ್ದವು. ಗಿರಾಕಿಯ ಮುಖ ನೋಡಿ ಭಾಷೆ ಬದಲಿಸುವ ಅವರ ಹಳೆಯ ಅಭ್ಯಾಸ ಎಲ್ಲೂ ಹೋಗಿರಲಿಲ್ಲ.

ಚಿಕಿತ್ಸಕಿ ಎದ್ದು, ನಾವು ಜೊತೆಗೆ ತಂದಿದ್ದ ಚಿತ್ರದ ಹಲಗೆಯನ್ನು ಕಪಾಟಿಗೆ ಹಾಕಿದರು. "ಕಾಕಾ, ಇನ್ನು ಮುಂದೆ ರಾಗವನ್ನು ಸ್ವಲ್ಪ ಸ್ವಲ್ಪ ಇಳಿಸಿ," ಎಂದರು. "ನಿಮ್ಮ ಕೂಗನ್ನು ನಾನು ಬೇರೆಯವರ ಮೇಲೂ ಬಳಸಿನೋಡಬಹುದೇ?" ನನ್ನದಲ್ಲ, ಹೋಟೆಲಿನದು ಎಂದೆ.

ಇಷ್ಟಾದ ಮೇಲೆ ನನ್ನ ಚೀಲದಲ್ಲಿದ್ದ ಕಾದಂಬರಿಯನ್ನು ತೆಗೆಯುವ ಧೈರ್ಯ ಮಾಡಿದೆ. ಒಂದು ಮಧ್ಯಾಹ್ನ ಅವರ ಮನೆಯಲ್ಲೇ ಮೊದಲ ಪುಟ ಓದಿದೆ. ಮೊದಲ ವಾಕ್ಯಕ್ಕೆ ಕಣ್ಣು ಮುಚ್ಚಿದರು, ಹಿಂದಿನಂತೆಯೇ. ಎರಡನೆಯದಕ್ಕೆ ಹುಬ್ಬು ಗಂಟಾಯಿತು. ಮೂರನೆಯದರ ನಡುವೆ ಕಣ್ಣು ತೆರೆದು ನನ್ನ ಬಾಯನ್ನೇ ನೋಡತೊಡಗಿದರು. ರೈಲು ಹೊರಟ ಮೇಲೆ ಪ್ಲಾಟ್‌ಫಾರಂ ಮೇಲೆ ಓಡುವವರ ಮುಖದಂತಿತ್ತು ಅವರ ಮುಖ. ಉದ್ದ ವಾಕ್ಯಗಳು ಅವರ ಕೈಗೆ ಸಿಗುತ್ತಿರಲಿಲ್ಲ. ಬೇಕೆಂದೇ ಒಂದು ಕಡೆ "ಅವನಿಗೆ ಹೋಗುವುದಿತ್ತು" ಎಂದು ಓದಿದೆ. ಅವರು ತಡೆಯಲಿಲ್ಲ. ಪುಟ ಮಡಿಸಿಟ್ಟೆ. ಅವರು ನನ್ನ ಮುಂಗೈ ಮೇಲೆ ಎಡಗೈ ಇಟ್ಟು, ನಿಧಾನವಾಗಿ ಒಂದೊಂದೇ ಸಲ ತಟ್ಟಿದರು, ನಾನು ಅವರಿಗೆ ಕಲಿಸಿದ ಹಾಗೆ.

ಅವರಿಗೆ ಬೇಕಾಗಿದ್ದ ಮಾತು ಬರುತ್ತಿತ್ತು. ನನಗೆ ಬೇಕಾಗಿದ್ದುದು ಬರುವುದಿಲ್ಲ. ಇವೆರಡೂ ಒಂದೇ ಎಂದು ನಾನು ಲೆಕ್ಕ ಹಾಕಿದ್ದೆ, ಅಷ್ಟೇ. ಮರುದಿನ ಬೆಳಿಗ್ಗೆ ಕನ್ನಡದ ಹೊತ್ತಿನಲ್ಲಿ ಕೂತು ಆ ಪುಟವನ್ನು ನಾನೇ ಗಟ್ಟಿಯಾಗಿ ಓದಿಕೊಂಡೆ, ಅವರ ದನಿಯಲ್ಲಿ ನಿಲ್ಲಿಸಿ ನಿಲ್ಲಿಸಿ ಕೇಳಿಕೊಂಡೆ. ಕೆಲವು ತಪ್ಪು ಸಿಕ್ಕವು. ಸಿಗದವು ಎಷ್ಟೋ ಗೊತ್ತಿಲ್ಲ. ಕಾದಂಬರಿಯನ್ನು ಹಾಗೇ ಮುಂದುವರಿಸಿದೆ.

ಮಳೆ ಹಿಂದೆ ಸರಿದ ಮೇಲೆ ಮಗಳು ಅವರಿಬ್ಬರನ್ನೂ ಸೀವುಡ್ಸ್‌ಗೆ ಕರೆದೊಯ್ದಳು. ಡೊಂಬಿವಲಿಯಿಂದ ಠಾಣೆಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ಸೀವುಡ್ಸ್‌ಗೆ ಹೋಗಬೇಕು. ವಾರಕ್ಕೊಮ್ಮೆ ಹೋದೆ. ಅಲ್ಲಿ ಅಡುಗೆಮನೆಗೂ ನಡುಮನೆಗೂ ಮಧ್ಯೆ ಗೋಡೆಯೇ ಇಲ್ಲ. ಅವರ ಹೆಂಡತಿ ಫ್ರಿಜ್ಜಿನ ಹಿಂದೆ ಮರೆಯಾಗಿ ನಿಲ್ಲುವುದನ್ನು ಕಲಿತಿದ್ದರು. ಹೋದಾಗಲೆಲ್ಲ ನನಗೆ ಮಾಡಲು ಕೆಲಸ ಕಡಿಮೆಯಾಗಿರುತ್ತಿತ್ತು. ಹೊಸ ಪದಗಳನ್ನು ಮಗಳೇ ಸೇರಿಸುತ್ತಿದ್ದಳು, ಅದೂ ಕೂಗುವಾಗ ಕನ್ನಡದಲ್ಲಿ. ಬೇರೆ ಭಾಷೆಯಲ್ಲಿ ಉತ್ತರ ಕೊಟ್ಟರೆ ಅಪ್ಪ ಆರ್ಡರು ಒಪ್ಪುವುದಿಲ್ಲವಂತೆ.

ಕಡೆಯ ಸಲ ಹೋದಾಗ ಪಾಠ ಬೇಗ ಮುಗಿಯಿತು. ಏಳಬೇಕಾಗಿತ್ತು, ಏಳಲಿಲ್ಲ. ಗುರುಗಳಿದ್ದರೆ ಬೈಯುತ್ತಿದ್ದರು: ಕೆಲಸ ಮುಗಿದ ಮೇಲೆ ಕೂರುವವನು ಅತಿಥಿಯೂ ಅಲ್ಲ, ಕೆಲಸಗಾರನೂ ಅಲ್ಲ. ಧಾರವಾಡದ ಸುದ್ದಿ ಹೇಳಿದೆ. ಡೊಂಬಿವಲಿಯ ರಸ್ತೆಯ ಸುದ್ದಿ ಹೇಳಿದೆ. ಬಹಳ ದಿನದಿಂದ ಆಡದೆ ಉಳಿದಿದ್ದ ಕನ್ನಡವೆಲ್ಲ ಒಟ್ಟಿಗೆ ಬರುತ್ತಿತ್ತು. ಅವರಿಗೆ ಅದರಲ್ಲಿ ಎಷ್ಟು ಸಿಕ್ಕಿತೋ ತಿಳಿಯದು. ತಾಳ್ಮೆಯಿಂದ ನನ್ನ ಮುಖ ನೋಡುತ್ತಿದ್ದರು. ಹೊರಗೆ ಬಿಸಿಲು ಇಳಿಯುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಆಫೀಸುಗಳು ಬಿಟ್ಟು, ಠಾಣೆಯಲ್ಲಿ ನನ್ನ ವಯಸ್ಸಿನವರು ಗಾಡಿ ಹತ್ತುವಂತಿರುವುದಿಲ್ಲ.

ಯಜಮಾನರು ಗೋಡೆಯ ಗಡಿಯಾರ ನೋಡಿದರು. ನನ್ನನ್ನು ನೋಡಿದರು. ಎಡಗೈ ಕುರ್ಚಿಯ ತೋಳಿನ ಮೇಲೆ ಒಮ್ಮೆ ತಟ್ಟಿತು. ಕತ್ತನ್ನು ಅಡುಗೆಮನೆಯ ಕಡೆ ಅರ್ಧ ತಿರುಗಿಸಿ, ಗಾಂಧಾರದಿಂದ ಷಡ್ಜಕ್ಕೆ ಸಾವಕಾಶವಾಗಿ ಜಾರುತ್ತ ಕೂಗಿದರು:

"ಒಂದ್ ಮಾಸ್ಟ್ರು... ಪಾರ್ಸೆಲ್."

ಫ್ರಿಜ್ಜಿನ ಹಿಂದಿನಿಂದ ಉತ್ತರ ಬರಲಿಲ್ಲ. ಅವರ ಹೆಂಡತಿಗೆ ಏನು ಮಾಡಬೇಕೆಂದು ತೋಚಿರಲಿಲ್ಲ. ಯಜಮಾನರು ಕಾಯುತ್ತಿದ್ದರು. ಬಾಯಿಯ ಎಡಗಡೆ ಮಾತ್ರ ನಗುತ್ತಿತ್ತು. ಕೂಗಿದ್ದನ್ನು ಒಳಗಿನವರು ತಿರುಗಿ ಕೂಗಲೇಬೇಕು, ಆ ನಿಯಮ ಹಾಕಿದವನು ನಾನೇ.

"ಕೂಗ್ರಿ ಅಕ್ಕಾರ," ಎಂದೆ.

"ಒಂದ್ ಮಾಸ್ಟ್ರು, ಪಾರ್ಸೆಲ್," ಎಂದರು ಅವರು ಒಳಗಿನಿಂದ.

ನಾನು ಎದ್ದು ಚಪ್ಪಲಿ ಹಾಕಿಕೊಂಡೆ.